ಹಂಚಿನ ಚೂರು

ಹೊಸ ಮಡಕೆಗೆ ನೀರು ತುಂಬಿದಾಗ ಏಳುವ ವಾಸನೆಗೆ, ಅನಗೋಳದ ಈ ಅಡುಗೆಮನೆಯಲ್ಲಿ ನನಗೆ ನಾನು ಬೆಳೆದ ಖಾನಾಪುರದ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಅಂದು ಬೆಳಿಗ್ಗೆ ಅಕ್ಕ ಶಾಲೆಯ ಪ್ರಾರ್ಥನೆಯಲ್ಲಿ ಕಣ್ಣಿಗೆ ಕತ್ತಲೆ ಬಂದು ಬಿದ್ದಿದ್ದಳು. ಮೈಯಲ್ಲಿ ರಕ್ತ ಕಡಿಮೆಯೆಂದು ನರ್ಸಬಾಯಿ ಕಬ್ಬಿಣದ ಗುಳಿಗೆ ಕೊಟ್ಟು ಕಳಿಸಿದ್ದರು. ಅಜ್ಜಿ ಅವನ್ನು ಗೋಡೆಯ ಗೂಡಿನಲ್ಲಿಟ್ಟು, "ಉಷ್ಣ ಆಗತೈತಿ. ಲಗ್ನಕ್ಕ ಬಂದ ಹುಡುಗಿಗೆ ಗುಳಿಗಿ ನುಂಗಸಿದ್ರ ಮಂದಿ ರೋಗ ಐತಿ ಅಂತಾರ" ಎಂದಿದ್ದಳು.

ಮಧ್ಯಾಹ್ನ ಹಿತ್ತಲಿಗೆ ಹೋದರೆ, ಅಕ್ಕ ಒಡೆದ ಹಂಚುಗಳ ರಾಶಿಯ ಹಿಂದೆ ಕುಳಿತು ಒಂದು ಚೂರನ್ನು ಕರಕರ ಕಡಿಯುತ್ತಿದ್ದಳು.

"ಅಜ್ಜಿ, ಅಕ್ಕ ಹಂಚು ತಿನ್ನಾಕತ್ತಾಳ. ಮಳಿಗಾಲಕ್ಕ ಮನಿ ಸೋರತೈತಿ ನೋಡು" ಎಂದು ಕೂಗಿದೆ.

ಅಜ್ಜಿ ಬೈಯಲಿಲ್ಲ. ಅಕ್ಕನ ಪಕ್ಕ ಕುಳಿತು ಆ ಚೂರನ್ನು ಕೈಗೆ ತೆಗೆದುಕೊಂಡಳು.

"ಭಾಳ ರುಚಿ ಅನಸತೈತೇನವಾ?"

ಅಕ್ಕ ಹೌದೆಂದು ತಲೆಯಾಡಿಸಿದಳು.

"ನನ್ನ ತಂಗಿನೂ ಹಿಂಗ ಮಣ್ಣು ತಿಂತಿದ್ದಳು. ನಾವೆಲ್ಲಾ ನಗತಿದ್ವಿ. ಮೊದಲನೇ ಹೆರಿಗ್ಯಾಗ ರಗತ ಸಾಲದ ತೀರಿಹೋದಳು."

ಅಜ್ಜಿ ಒಳಗೆ ಹೋಗಿ ರೊಟ್ಟಿ, ನೀರು, ಒಂದು ಗುಳಿಗೆ ತಂದಳು. "ಮದಲ ರೊಟ್ಟಿ ತಿನ್ನು. ಖಾಲಿ ಹೊಟ್ಟಿಲೆ ನುಂಗಬ್ಯಾಡ."

ಅಕ್ಕ ಮುಖ ಕಿವುಚಿ ನುಂಗಿದಳು.

"ಬಾಯಿ ತಗಿ."

ಬಾಯಲ್ಲಿ ಏನೂ ಉಳಿದಿರಲಿಲ್ಲ. ಆದರೂ ಅಜ್ಜಿ ಅಕ್ಕನ ಗಲ್ಲ ಹಿಡಿದುಕೊಂಡು ಬಹಳ ಹೊತ್ತು ನೋಡುತ್ತಲೇ ಇದ್ದಳು.