ಮೂರು ಸಾಲು ಹೆಚ್ಚು

ಹುಡುಗಿ ಇನ್ನೂ ಒಪ್ಪಿಕೊಂಡಿರಲಿಲ್ಲ.

"ನಾನು ಕಾಪಿ ಮಾಡಿಲ್ಲ ಮೇಡಂ," ಎಂದಳು, ಮೂರನೇ ಸಲ. ದನಿ ಏರಲಿಲ್ಲ, ಕಣ್ಣು ಕೆಳಗಿಳಿಯಲಿಲ್ಲ. ಎದುರು ಕೂತಿದ್ದ ಉಪನ್ಯಾಸಕಿಯೇ ಮೊದಲು ಕಣ್ಣು ತಪ್ಪಿಸಿದಳು.

ಮತ್ತೆಲ್ಲಿಂದ ಬಂತು ಎಂದು ಪ್ರಾಂಶುಪಾಲರು ಕೇಳಿದರು. ಮನೆಯಲ್ಲಿ ಕಲಿತದ್ದು ಎಂದಳು. ಮನೆಯಲ್ಲಿ ಯಾರಿದ್ದಾರೆ ಎಂದರು. ಅಮ್ಮ ಮಾತ್ರ, ಬಟ್ಟೆ ಹೊಲೀತಾರೆ ಎಂದಳು.

"ಓಹೋ, ಹೊಲಿಗೆ ಮೆಷಿನ್ನಲ್ಲಿ ಪ್ರೋಗ್ರಾಂ ಹೊಲ್ಕೊಂಡು ಬಂದೆಯಾ?" ಎಂದು ಅವರು ತಮ್ಮ ಮಾತಿಗೆ ತಾವೇ ನಕ್ಕರು. ಉಪನ್ಯಾಸಕಿ ನಗಲಿಲ್ಲ.

ಪ್ರಾಯೋಗಿಕ ಪರೀಕ್ಷೆ ಮುಗಿದು ನಾಲ್ಕು ದಿನವಾಗಿತ್ತು. ಪ್ರಶ್ನೆ ಸರಳವಾಗಿತ್ತು. ಹೆಸರುಗಳ ಉದ್ದನೆಯ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸುವ ಪ್ರೋಗ್ರಾಂ ಬರೆಯಬೇಕು. ಕಿಟ್‌ನಲ್ಲಿರುವ ಸಿದ್ಧ ಫಂಕ್ಷನ್ ಬಳಸಕೂಡದು. ಕಿಟ್ ಎಂದರೆ ಆ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕೆಲಸ ಮಾಡುವವರೆಲ್ಲ ಮೊದಲು ತಮ್ಮ ಕಂಪ್ಯೂಟರಿಗೆ ಇಳಿಸಿಕೊಳ್ಳುವ ಸಲಕರಣೆಗಳ ಗಂಟು. ಜೋಡಿಸುವ ಫಂಕ್ಷನ್ ಅದರಲ್ಲಿ ಇಪ್ಪತ್ತು ವರ್ಷಗಳಿಂದ ಇದೆ. ಅದರ ನೆತ್ತಿಯ ಮೇಲೆ, ಬರೆದವರ ಹೆಸರಿನ ಜಾಗದಲ್ಲಿ, ಈ ಉಪನ್ಯಾಸಕಿಯ ಹೆಸರಿದೆ. ಅವಳಿಗೆ ಕೆಲಸ, ಬಡ್ತಿ, ಊರೂರಿನ ಸಭೆಗಳ ಕರೆ ಎಲ್ಲವೂ ಆ ಒಂದು ಹೆಸರಿನಿಂದ ಬಂದವು.

ಹುಡುಗಿಯ ಉತ್ತರ ಆ ಫಂಕ್ಷನ್ನಿನ ಪಡಿಯಚ್ಚಾಗಿತ್ತು. ಕಾಪಿ ಹಿಡಿಯುವ ತಂತ್ರಾಂಶ ಪುಟದುದ್ದಕ್ಕೂ ಕೆಂಪು ಬಳಿದಿತ್ತು. ಕೊನೆಯ ಮೂರು ಸಾಲು ಮಾತ್ರ ಬಿಳಿಯಾಗಿ ಉಳಿದಿದ್ದವು. ಅವು ಕಿಟ್‌ನಲ್ಲಿ ಇರಲಿಲ್ಲ.

"ಕದ್ದಿದ್ದೂ ಅಲ್ದೆ, ಅದೇ ಅಂಗಡಿಗೆ ತಂದು ಮಾರ್ತಿದ್ದಾಳಲ್ಲ ಮೇಡಂ," ಎಂದಿದ್ದ ಲ್ಯಾಬ್ ಸಹಾಯಕ. ವರದಿಯನ್ನು ಉಪನ್ಯಾಸಕಿಗೆ ತೋರಿಸುವ ಮೊದಲೇ ಪ್ರಾಂಶುಪಾಲರಿಗೆ ಕಳಿಸಿಯಾಗಿತ್ತು. ತನ್ನ ಕೈಗೆ ಮೊದಲು ಬಂದಿದ್ದರೆ ಏನು ಮಾಡುತ್ತಿದ್ದೆ ಎಂಬ ಯೋಚನೆಯನ್ನು ಅವಳು ಮುಂದುವರಿಸಲಿಲ್ಲ.

ಪರೀಕ್ಷೆಯಲ್ಲಿ ಪ್ರೋಗ್ರಾಂ ಟೈಪ್ ಮಾಡುವ ಎಡಿಟರ್, ಒತ್ತಿದ ಪ್ರತಿ ಕೀಲಿಯನ್ನೂ ದಾಖಲಿಸಿಕೊಳ್ಳುತ್ತದೆ. ಅದನ್ನೂ ತೆಗೆದು ನೋಡಿದ್ದಾಯಿತು. ಉಳಿದವರು ಬರೆದು, ಅಳಿಸಿ, ಸುಮ್ಮನೆ ಕೂತು, ಮತ್ತೆ ಬರೆದಿದ್ದರು. ಈ ಹುಡುಗಿ ಹನ್ನೊಂದು ನಿಮಿಷದಲ್ಲಿ, ಒಂದಕ್ಷರ ಅಳಿಸದೆ, ಮಗ್ಗಿ ಒಪ್ಪಿಸಿದ ಹಾಗೆ ಮುಗಿಸಿದ್ದಳು. ಬಾಯಿಪಾಠ, ಅನುಮಾನವೇ ಬೇಡ ಎಂದರು ಪ್ರಾಂಶುಪಾಲರು. ಕಾಪಿ ರುಜುವಾತಾದರೆ ಹುಡುಗಿ ಕಾಲೇಜಿನಿಂದ ಹೊರಗೆ. ಬೇರೆಲ್ಲೂ ಸೇರಿಸಿಕೊಳ್ಳುವುದಿಲ್ಲ.

ಮಧ್ಯಾಹ್ನ ಉಪನ್ಯಾಸಕಿ ತನ್ನ ಕೋಣೆಯ ಬಾಗಿಲು ಹಾಕಿಕೊಂಡಳು.

ಆ ಫಂಕ್ಷನ್ನಿಗೆ ಹುಟ್ಟಿನಿಂದಲೇ ಒಂದು ಕಾಯಿಲೆ ಇತ್ತು. ಪಟ್ಟಿಯಲ್ಲಿ ಒಂದೇ ಹೆಸರು ಎರಡು ಸಲ ಬಂದರೆ ಅಪರೂಪಕ್ಕೊಮ್ಮೆ ಒಂದನ್ನು ನುಂಗಿಬಿಡುತ್ತಿತ್ತು. ಯಾಕೆಂದು ಪ್ರೋಗ್ರಾಮರುಗಳು ಪತ್ರ ಬರೆದು ಕೇಳುತ್ತಲೇ ಇದ್ದರು. ಮುಂದಿನ ಆವೃತ್ತಿಯಲ್ಲಿ ನೋಡೋಣ ಎಂದು ಅವಳು ಉತ್ತರಿಸುತ್ತಲೇ ಇದ್ದಳು. ಕಡೆಗೆ ಜನ ಬೇಸತ್ತು ಮೇಲೊಂದು ತೇಪೆ ಹಾಕಿಕೊಂಡು ಬಳಸತೊಡಗಿದ್ದರು.

ಹುಡುಗಿಯ ಮೂರು ಸಾಲನ್ನು ಅವಳು ಕಿಟ್‌ನ ಫಂಕ್ಷನ್ನಿಗೆ ಸೇರಿಸಿ ಓಡಿಸಿದಳು. ಲಕ್ಷ ಹೆಸರು ಕೊಟ್ಟಳು. ಹತ್ತು ಲಕ್ಷ ಕೊಟ್ಟಳು. ಒಂದೂ ಕಳೆದುಹೋಗಲಿಲ್ಲ.

ಅಂದು ಊಟದ ಡಬ್ಬಿ ತೆರೆಯದೆಯೇ ಮನೆಗೆ ಮರಳಿತು. ಗಂಡ ಏನಾಯಿತು ಎಂದು ಕೇಳಿದ. ಒಬ್ಬ ವಿದ್ಯಾರ್ಥಿನಿಯ ಓದು ನಿಂತುಹೋಗಬಹುದು ಎಂದಳು. ನಿನ್ನದು ತೀರಾ ಮೆದು ಮನಸ್ಸು ಎಂದು ಅವನು ಸಮಾಧಾನ ಹೇಳಿದ. ಅವಳು ಕೂತಲ್ಲಿ ಕೂರಲಾಗದೆ ಎದ್ದುಹೋಗಿ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದಳು.

ಬೆಳಿಗ್ಗೆ ಅವಳೇ ಪ್ರಾಂಶುಪಾಲರ ಬಳಿ ಹೋಗಿ, ಎಚ್ಚರಿಕೆ ಕೊಟ್ಟು ಬಿಟ್ಟುಬಿಡೋಣ ಎಂದಳು. ಅವರು ಅವಳ ದೊಡ್ಡತನವನ್ನು ಬಾಯ್ತುಂಬ ಹೊಗಳಿದರು. ಆದರೆ ತಾಯಿಯನ್ನು ಕರೆಸಲೇಬೇಕು ಎಂದರು.

"ಬೇಡ ಸರ್," ಎಂದಳು.

"ಯಾಕೆ?"

"ಪಾಪ, ಅವರ ಒಂದು ದಿನದ ಕೆಲಸ ಕೆಡುತ್ತೆ."

ಅವರು ಆಗಲೇ ಫೋನ್ ಮಾಡಿಸಿದ್ದರು.

ತಾಯಿ ಕೆಲಸದ ನಡುವೆ ಎದ್ದು ಬಂದಿದ್ದಳು. ಕೊರಳಲ್ಲಿ ಅಳತೆ ಟೇಪು ಇನ್ನೂ ನೇತಾಡುತ್ತಿತ್ತು, ತೋಳಿಗೆ ನೂಲಿನ ಚೂರು ಅಂಟಿತ್ತು. ಯಾರಿಗೂ ನಮಸ್ಕರಿಸಲಿಲ್ಲ. ಮಗಳ ಪಕ್ಕದ ಕುರ್ಚಿ ಎಳೆದುಕೊಂಡು ಕೂತಳು.

ಪ್ರಾಂಶುಪಾಲರು ಮೆತ್ತಗೆ ವಿವರಿಸಿದರು. ಮೇಡಂ ದೊಡ್ಡ ಮನಸ್ಸು ಮಾಡಿದ್ದಾರೆ. ಅವರದ್ದನ್ನು ಕದ್ದೆ ಎಂದು ಹುಡುಗಿ ಎರಡು ಮಾತು ಬರೆದು ಸಹಿ ಹಾಕಿದರೆ ಸಾಕು, ಓದು ಮುಂದುವರಿಯುತ್ತದೆ. ಹಾಕದಿದ್ದರೆ ತಮ್ಮ ಕೈಯಲ್ಲೂ ಏನಿಲ್ಲ.

ಹುಡುಗಿ ಅಮ್ಮನ ಮುಖ ನೋಡಿದಳು. ಪೆನ್ನು ಮುಟ್ಟಲಿಲ್ಲ.

ತಾಯಿ ಕೆಂಪು ಪುಟಗಳನ್ನು ಕೇಳಿ ತೆಗೆದುಕೊಂಡಳು. ಹೊಲಿಗೆ ಎಲ್ಲಿ ಬಿಟ್ಟಿದೆ ಎಂದು ಹುಡುಕುವವಳ ಹಾಗೆ ಒಂದೊಂದು ಸಾಲಿನ ಮೇಲೂ ಬೆರಳಾಡಿಸಿದಳು. ಬಿಳಿಯ ಮೂರು ಸಾಲಿನ ಹತ್ತಿರ ಬೆರಳು ನಿಂತಿತು. ಮೊದಲ ಬಾರಿಗೆ ತಲೆಯೆತ್ತಿ ಉಪನ್ಯಾಸಕಿಯನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ; ಏನನ್ನೋ ಕಾಯುತ್ತಿದ್ದ ಹಾಗಿತ್ತು.

"ನೀವೇನಾದ್ರೂ ಹೇಳ್ತೀರಾ ಮೇಡಂ?" ಎಂದು ಪ್ರಾಂಶುಪಾಲರು ಕೇಳಿದರು.

ಉಪನ್ಯಾಸಕಿ ಬಾಯಿ ತೆರೆದಳು. ಹುಡುಗಿಯನ್ನು ನೋಡಿದಳು, ಖಾಲಿ ಹಾಳೆಯನ್ನು ನೋಡಿದಳು. ಬಾಯಿ ಮುಚ್ಚಿಕೊಂಡಳು.

ತಾಯಿ ಪುಟಗಳನ್ನು ಉಪನ್ಯಾಸಕಿಯ ಕಡೆಗೆ ಸರಿಸಿದಳು.

"ನನ್ನ ನೋಟ್‌ಬುಕ್ ತಗೊಂಡು ನೀನು ಹಾಸ್ಟೆಲ್ ಬಿಟ್ಟು ಹೋದೆಯಲ್ಲ, ಈ ಮೂರು ಸಾಲು ನನಗೆ ಹೊಳೆದಿದ್ದು ಅದರ ಮಾರನೇ ದಿನ ಕಣೇ."