ರೇಣು ಕೆಡಿಸಿದ ಬೋರ್ಡ್

ರೇಣು ಲ್ಯಾಬಿನ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಂಡಿದ್ದಳು. ಅವಳ ಮೇಲಧಿಕಾರಿ ಪ್ರಲ್ಹಾದ ಜೋರಾಗಿ ಬಾಗಿಲು ಬಡಿದ. ಒಳಗೆ ಕುರ್ಚಿ ಸರಿದ ಸದ್ದು. ಏನನ್ನೋ ಅವಸರದಲ್ಲಿ ಮೇಜಿನ ಮೇಲಿಟ್ಟ ಸದ್ದು. ಬಾಗಿಲು ತೆರೆದಾಗ ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ.

“ಬೋರ್ಡ್ ಕೆಟ್ಟದರಿ ಸರ್.”

“ಮೊನ್ನೆ ಎಲ್ಲಾ ಸರಿ ಇತ್ತಲ್ಲ?”

“ಮೊನ್ನೆ ಇತ್ರಿ. ಇವತ್ತ ಇಲ್ಲ.”

ಪ್ರಲ್ಹಾದ ಒಳಗೆ ಬಂದ. ಕೆಟ್ಟ ಬೋರ್ಡನ್ನು ನೋಡಲು ಬಾಗಿಲಿಗೆ ಚಿಲಕವೇಕೆ ಬೇಕು ಎಂದು ಅವನ ಮನಸ್ಸು ಕೇಳುತ್ತಿತ್ತು.

ಯೆರವಡಾದ ಹಳೆಯ ಕಟ್ಟಡವೊಂದರ ಮೇಲಂತಸ್ತಿನಲ್ಲಿದ್ದ ಆ ಪುಟ್ಟ ಕಂಪನಿ ಸಣ್ಣ ಊರಿನ ಆಸ್ಪತ್ರೆಗಳಿಗೆಂದು ಒಂದು ಯಂತ್ರ ಮಾಡಲು ಹೊರಟಿತ್ತು. ಪ್ರೋಬ್ ಎಂಬ ಹಿಡಿಯನ್ನು ಮೈಗೊತ್ತಿ ಒಳಗೆ ಶಬ್ದದ ಅಲೆ ಕಳಿಸಿ, ಅದರ ಮರುದನಿ ಹಿಡಿದು, ಹೃದಯದ ಬಡಿತವನ್ನು ಪರದೆಯ ಮೇಲೆ ತೋರಿಸುವ ಯಂತ್ರ. ಆ ಮರುದನಿಯನ್ನು ಸೆಕೆಂಡಿಗೆ ಕೋಟಿಗಟ್ಟಲೆ ಸಲ ಅಳೆದು ಅಂಕಿಗಳನ್ನಾಗಿ ಮಾಡುವ ಚಿಪ್ ಬೇಕಿತ್ತು. 2003ರ ದೀಪಾವಳಿಯ ಹೊತ್ತಿಗೆ ಅದು ಪರದೇಶದಿಂದ ಬಂತು, ಪರೀಕ್ಷೆಗೆಂದೇ ಮಾಡಿದ ಹಸಿರು ಬೋರ್ಡಿನ ಮೇಲೆ ಕೂತು.

ಅದನ್ನು ಜೋಡಿಸುವುದು ಹುಡುಗಾಟದ ಕೆಲಸವಲ್ಲ. ಅಳತೆಗೆ ತಾಳ ಹಾಕುವ ಕ್ಲಾಕ್ ಕೂದಲೆಳೆಯಷ್ಟು ನಡುಗಿದರೆ ಅಳತೆಗೆಲ್ಲ ಮಂಜು ಕವಿಯುತ್ತದೆ. ಗ್ರೌಂಡ್ ತಂತಿ ಸಡಿಲವಿದ್ದರೆ ಪಕ್ಕದ ಫ್ಯಾನಿನ ಗೊರಗೊರವೂ ಒಳಗೆ ನುಗ್ಗುತ್ತದೆ. ರೇಣು ಹಟ ಹಿಡಿದು ಕೂತಳು. ಪವರ್ ಸಪ್ಲೈ ಬೇರೆ ಮಾಡಿದಳು, ಕೇಬಲ್ಲುಗಳನ್ನು ಗಿಡ್ಡ ಮಾಡಿದಳು, ಪರೀಕ್ಷೆಯ ಅಲೆ ಹುಟ್ಟಿಸುವ ಸಿಗ್ನಲ್ ಜನರೇಟರಿಗೂ ಬೋರ್ಡಿಗೂ ನಡುವೆ ಫಿಲ್ಟರ್ ಸೇರಿಸಿದಳು. ಮೊನ್ನೆ ಪರದೆಯ ಮೇಲೆ ಒಂದೇ ಒಂದು ಗೆರೆ ಕೋಲಿನಂತೆ ನೆಟ್ಟಗೆ ಎದ್ದು, ಉಳಿದದ್ದೆಲ್ಲ ನೆಲಕ್ಕಂಟಿ ಮಲಗಿದಾಗ, ಪ್ರಲ್ಹಾದ ಇಡೀ ಆಫೀಸಿಗೆ ಪೇಢೆ ಹಂಚಿದ್ದ. ಅವಳು ಆ ಸಂಜೆ ಲ್ಯಾಬಿನಲ್ಲಿ ಒಬ್ಬಳೇ ಉಳಿದಿದ್ದಳು. ಹೊರಬಂದಾಗ ಕಣ್ಣು ತೇವವಾಗಿದ್ದವು, ತುಟಿಯಲ್ಲಿ ನಗೆಯಿತ್ತು. ಗೆದ್ದ ಸಂತೋಷ ಎಂದು ಪ್ರಲ್ಹಾದ ಅಂದುಕೊಂಡಿದ್ದ.

ಈಗ ಹಾಗೆ ಅನ್ನಿಸುತ್ತಿರಲಿಲ್ಲ.

ಇತ್ತೀಚೆಗೆ ಅವಳು ಶನಿವಾರ ಅರ್ಧ ರಜೆ ಕೇಳುತ್ತಿದ್ದಳು, ಕಾರಣ ಹೇಳುತ್ತಿರಲಿಲ್ಲ. ಫೋನ್ ಬಂದರೆ ಮೆಟ್ಟಿಲ ಕಡೆಗೆ ಹೋಗುತ್ತಿದ್ದಳು. ಒಮ್ಮೆ ಅವನ ಕಿವಿಗೇ ಬಿದ್ದಿತ್ತು: “ಅವ್ವಾ, ಇಲ್ಲೆ ಇನ್ನೂ ಯಾರಿಗೂ ಹೇಳಿಲ್ಲ. ಈ ತಿಂಗಳು ದಾಟಲಿ. ಆಮ್ಯಾಲೆ ಸರ್‌ಗೆ ನಾನ ಹೇಳತೀನಿ.”

ಊರಿನ ಇನ್ನೊಂದು ಕಡೆ, ಖರಾಡಿಯಲ್ಲಿ ಹೊಸದಾಗಿ ಶುರುವಾದ ಕಂಪನಿಯೊಂದು ಇಂಥದ್ದೇ ಯಂತ್ರ ಮಾಡುತ್ತಿತ್ತು. ಹಿಂದಿನ ವರ್ಷ ಇಲ್ಲಿಂದ ಹೋದ ಒಬ್ಬ ನಕ್ಷೆಗಳನ್ನೂ ಹೊತ್ತುಕೊಂಡೇ ಹೋಗಿದ್ದ. ಆದರೆ ರೇಣು? ಮರಾಠಿಯೇ ತುಂಬಿದ ಆ ಆಫೀಸಿನಲ್ಲಿ ಮಧ್ಯಾಹ್ನ ಡಬ್ಬಿ ಬಿಚ್ಚಿ ಕನ್ನಡ ಮಾತಾಡುತ್ತಿದ್ದವರು ಅವರಿಬ್ಬರೇ. ಅವಳ ಡಬ್ಬಿಯ ಶೇಂಗಾ ಚಟ್ನಿಯಲ್ಲಿ ಅರ್ಧ ಪಾಲು ಅವನದು. ಬೆಸುಗೆ ಹಾಕುವುದನ್ನು ಕೈಹಿಡಿದು ಕಲಿಸಿದವನು ಅವನು. ಮಗಳಿಲ್ಲದ ಪ್ರಲ್ಹಾದನಿಗೆ ಅವಳೂ ಅಲ್ಲಿಗೇ ಹೊರಟಿದ್ದಾಳೆ ಎಂಬ ಸಂಶಯವನ್ನು ಸಹಿಸಲಾಗುತ್ತಿರಲಿಲ್ಲ.

ಸೋಮವಾರ ಡಾಕ್ಟರರು ಯಂತ್ರ ನೋಡಲು ಬರುವವರಿದ್ದರು. ಸರಿಯಾಗಿ ಈಗಲೇ ಬೋರ್ಡ್ ಕೆಟ್ಟಿತೇ?

“ಕ್ಲಾಕ್ ಬದಲ ಮಾಡೂಣ್ರಿ,” ಎಂದಳು ರೇಣು. ಬದಲಾಯಿಸಿದರು. ಗೆರೆ ಕೋಲಿನಂತೆ ಎದ್ದಿತು.

“ಫಿಲ್ಟರ್ ಇರಬೇಕ್ರಿ.” ಅದನ್ನೂ ಬದಲಾಯಿಸಿದರು. ಗೆರೆ ಮತ್ತೆ ಹಾಗೆಯೇ ಎದ್ದಿತು.

“ಜನರೇಟರ್ ಬ್ಯಾರೆ, ಮೈ ಬ್ಯಾರೆ. ಪ್ರೋಬ್ ಹಚ್ಚಿದ್ರ ಏನೂ ಬರವಲ್ದು. ಇನ್ನೊಂದು ಬೋರ್ಡ್ ತರಸ್ರಿ ಸರ್. ಕೈ ಮುಗೀತೀನಿ.”

ಅವಳು ಅವನ ಕಣ್ಣು ತಪ್ಪಿಸಿ ಪ್ರೋಬ್ ಒರೆಸತೊಡಗಿದಳು. ಕಳ್ಳರು ಹೀಗೇ ಕಣ್ಣು ತಪ್ಪಿಸುತ್ತಾರೆ ಎಂದುಕೊಂಡ. ಸಿಟ್ಟು ನೆತ್ತಿಗೇರಿತು. ಪ್ರೋಬಿಗೆ ಜೆಲ್ ಬಳಿದು ತನ್ನ ಕುತ್ತಿಗೆಗೆ ಒತ್ತಿಕೊಂಡ. ಪರದೆಯ ಮೇಲೆ ಅವನದೇ ನಾಡಿ ಕುದುರೆಯಂತೆ ಕುಣಿಯಿತು. ಒಂದು ಮಸುಕಿಲ್ಲ, ಒಂದು ನಡುಕವಿಲ್ಲ.

“ನೋಡು! ಬೋರ್ಡ್ ಭಾಳ ಚಲೋ ಅದ. ಇದ್ದದ್ದನ್ನ ತೋರಸ್ತದ. ಇಲ್ಲದ್ದನ್ನ ಅದು ಎಲ್ಲಿಂದ ತರಬೇಕು?”

ರೇಣು ಪರದೆಯನ್ನು ನೋಡುತ್ತಲೇ ಮೆಲ್ಲಗೆ ಹೇಳಿದಳು: “ಒಮ್ಮೆ ಕೆಟ್ಟದ ಅನ್ರಿ ಸರ್. ನೀವು ಅಂದ್ರ ನಾ ನಂಬತೀನಿ.”

“ಸುಳ್ಳು ಹ್ಯಾಂಗ ಹೇಳಲಿ? ಖರಾಡಿಗೆ ಹೋಗೂದಿದ್ರ ಸುಮ್ಮನ ಹೋಗು. ಬೋರ್ಡಿನ ಮ್ಯಾಲೆ ಯಾಕ ಹಾಕತಿ?”

“ಖರಾಡಿ?” ಎಂದಳು. ಆ ಹೆಸರನ್ನು ಮೊದಲ ಸಲ ಕೇಳಿದವಳಂತೆ ಅವನ ಮುಖ ನೋಡಿದಳು. ಅವನ ಕೈಯಿಂದ ಪ್ರೋಬ್ ತೆಗೆದುಕೊಂಡು ಕುರ್ಚಿಯಲ್ಲಿ ಕೂತಳು. ಸಡಿಲ ಕುರ್ತಾದ ಅಂಚು ತುಸು ಎತ್ತಿ, ಕಿಬ್ಬೊಟ್ಟೆಯ ಮೇಲೆ ಅದನ್ನಿಟ್ಟು ಇಂಚಿಂಚೇ ಸರಿಸಿದಳು. ಪ್ರಲ್ಹಾದ ಸಂಕೋಚದಿಂದ ಮುಖ ತಿರುಗಿಸಿದ. ತಿರುಗಿದ ಕಡೆಗೇ ಪರದೆಯಿತ್ತು. ಗೆರೆ ಅಲುಗಲಿಲ್ಲ.

“ಮೊನ್ನೆ ನನ್ನ ಕೂಸಿನ ಎದಿ ಇಲ್ಲೇ ಬಡಕೋತಿತ್ರಿ ಸರ್,” ಎಂದಳು ರೇಣು.