ಆಯಾ ಅತ್ತಳು

"ಅಮ್ಮಾ, ನಿಮ್ಮ ಮಗಳನ್ನ ಉಳಿಸೋಕೆ ಆಗಲಿಲ್ಲ," ಎಂದು ನರ್ಸಿಂಗ್ ವಿದ್ಯಾರ್ಥಿನಿ ಮೆಲ್ಲಗೆ ಹೇಳಿ, ಎದುರು ಕುಳಿತಿದ್ದ ಆಯಾಳ ಕೈ ಹಿಡಿದುಕೊಂಡಳು. ಕಲಿಸಿದ್ದನ್ನು ಅವಳು ಚಾಚೂ ತಪ್ಪದೆ ಮಾಡಿದ್ದಳು. ಕುರ್ಚಿಯನ್ನು ಹತ್ತಿರ ಎಳೆದುಕೊಂಡಿದ್ದಳು, ಕಣ್ಣು ತಪ್ಪಿಸಿರಲಿಲ್ಲ. ಪರೀಕ್ಷೆ ನಡೆಸುತ್ತಿದ್ದ ಮೇಡಂ ಹತ್ತಕ್ಕೆ ಹತ್ತು ಅಂಕ ಬರೆದರು. ಸಾವಿನ ಸುದ್ದಿ ತಿಳಿಸುವ ಈ ಪರೀಕ್ಷೆಯಲ್ಲಿ ರೋಗಿಯ ತಾಯಿಯಾಗಿ ನಟಿಸಬೇಕಿದ್ದವಳು ಕೈಕೊಟ್ಟಿದ್ದರಿಂದ, ವಾರ್ಡ್ ಗುಡಿಸುತ್ತಿದ್ದ ಆಯಾಳನ್ನೇ ಅವರು ಕರೆದು ಕೂರಿಸಿದ್ದರು.

ಆಯಾ ಹುಡುಗಿಯ ಕೈ ಬಿಡಲಿಲ್ಲ. ಅದನ್ನು ಹಣೆಗೊತ್ತಿಕೊಂಡು ಬಿಕ್ಕಿ ಬಿಕ್ಕಿ ಅಳತೊಡಗಿದಳು. "ಸಾಕು ಬಿಡಮ್ಮ, ಚೆನ್ನಾಗೇ ಆಕ್ಟ್ ಮಾಡ್ತೀಯ," ಎಂದು ಮೇಡಂ ನಕ್ಕರು. "ಇನ್ನೂ ಹನ್ನೊಂದು ಜನ ಇದಾರೆ, ಸ್ವಲ್ಪ ಕಣ್ಣೀರು ಉಳಿಸ್ಕೋ."

"ನನ್ನ ಮಗಳೂ ಇದೇ ಆಸ್ಪತ್ರೇಲಿ ಹೋಗಿದ್ದು ಮೇಡಂ, ಹದಿನೆಂಟು ವರ್ಷ ಆಯ್ತು," ಎಂದಳು ಆಯಾ. "ಆವತ್ತು ಯಾರೂ ಹೀಗೆ ಕೂತು ಹೇಳಲಿಲ್ಲ. ಬಾಗಿಲ ಸಂದೀಲಿ ಅವಳ ಬಟ್ಟೆ ಗಂಟು ಚಾಚಿ, 'ಬಟ್ಟೆ ತಗೊಂಡು ಹೋಗಿ' ಅಂದ್ರು. ನಾನು ಒಗೆಯೋಕೆ ಕೊಟ್ರು ಅಂದ್ಕೊಂಡೆ. ಮನೆಗೆ ಹೋಗಿ ಒಗೆದು, ಒಣಗಿಸಿ, ಮಡಚ್ಕೊಂಡು ವಾಪಸ್ ತಂದೆ."

ಮೇಡಂ ಪೆನ್ನು ಕೆಳಗಿಟ್ಟರು. "ಯಾರು ಹಾಗಂದಿದ್ದು?"

"ನೀವೇ ಅಲ್ವಾ ಮೇಡಂ." ಆಯಾಳ ದನಿಯಲ್ಲಿ ದೂರಿರಲಿಲ್ಲ. "ಆಗ ನೀವೂ ಈ ಹುಡುಗೀರ ಹಾಗೇ ಇದ್ರಿ."

ಮೇಡಂ ಎಷ್ಟು ತಡಕಾಡಿದರೂ ಆ ಮಗುವಾಗಲಿ, ಈ ತಾಯಿಯಾಗಲಿ ನೆನಪಿಗೆ ಬರಲಿಲ್ಲ. ಅವರಿಂದ ಹಾಗೆ ಹೇಳಿಸಿಕೊಂಡವರು ಅಷ್ಟೊಂದು ಜನರಿದ್ದರು.